ಕುರ್ಚಿ ಬದಲಾದರೆ ಕಂಪನಿ ಬದಲಾದೀತೆ?

ನಷ್ಟದಲ್ಲಿರುವ ಮಿಲ್ಲಿಗೋ ಡಿಪೋಗೋ ಹೊಸ ಸಾಹೇಬರು ಬಂದರು ಅಂದರೆ ಹಾರ, ತುರಾಯಿ, ಭಾಷಣ. ಇನ್ನು ಎಲ್ಲ ಸರಿಹೋಗುತ್ತೆ ಅಂತ ಜನರ ನಂಬಿಕೆ. ಆರು ತಿಂಗಳು ಕಳೆಯಲಿ, ಮತ್ತೆ ಅದೇ ರಾಗ, ಅದೇ ಹಾಡು! ಯಾಕೆ ಹೀಗೆ?

ಇದು ನಮ್ಮ ಕಡೆಯ ರೋಗ ಮಾತ್ರ ಅಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 2009ರಲ್ಲಿ ದಿವಾಳಿ ಅರ್ಜಿ ಹಾಕಿತು. ಆ ವರ್ಷದ ಮಾರ್ಚಿನಿಂದ 2014ರ ಜನವರಿಯೊಳಗೆ ನಾಲ್ವರು ಹೊಸ ಮುಖ್ಯಸ್ಥರು ಬಂದರು. ಅವರಲ್ಲಿ ಇಬ್ಬರು ಟೆಲಿಫೋನ್ ವ್ಯವಹಾರದಲ್ಲಿ ಪಳಗಿದ ಹೊರಗಿನವರು. ಆದರೂ ಒಂದು ಸಣ್ಣ ಸ್ವಿಚ್ಚಿನ ದೋಷ ಯಾರ ಮೇಜಿಗೂ ಬರಲಿಲ್ಲ. ಕೀಲಿಗೊಂಚಲು ಭಾರವಾದರೆ ಸ್ವಿಚ್ ಜಾರಿ, ಓಡುವ ಕಾರಿನ ಎಂಜಿನ್ನೇ ನಿಲ್ಲುತ್ತಿತ್ತು. ಅಪಘಾತವಾದರೆ ಪ್ರಾಣ ಉಳಿಸುವ ಗಾಳಿಚೀಲವೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಕೆಳಗಿನ ಎಂಜಿನಿಯರುಗಳಿಗೆ ಇದು ವರ್ಷಗಟ್ಟಲೆ ಗೊತ್ತಿತ್ತು. 2006ರಲ್ಲಿ ಸ್ವಿಚ್ ಬದಲಾಯಿತು, ಅದರ ನಂಬರ್ ಮಾತ್ರ ಬದಲಾಗಲಿಲ್ಲ! ಕಾರುಗಳನ್ನು ವಾಪಸು ಕರೆದದ್ದು 2014ರಲ್ಲಿ. ಅಷ್ಟರಲ್ಲಿ ಸತ್ತವರು 124 ಮಂದಿ. ಪರಿಹಾರ ನಿಧಿಯೇ ಒಪ್ಪಿಕೊಂಡ ಲೆಕ್ಕ ಇದು.

ಆ ವರ್ಷದ ತನಿಖಾ ವರದಿ ಕಂಪನಿಯ ಎರಡು ಚಾಳಿಗಳನ್ನು ಬಯಲಿಗೆಳೆಯಿತು. ಒಂದು, ಮೀಟಿಂಗಿನಲ್ಲಿ ಎಲ್ಲರೂ 'ಹೂಂ, ಮಾಡೋಣ' ಅಂತ ತಲೆ ಆಡಿಸುವುದು, ಹೊರಗೆ ಬಂದ ಮೇಲೆ ಯಾರೂ ಮಾಡದಿರುವುದು. ಇನ್ನೊಂದು, ಕೈಕಟ್ಟಿಕೊಂಡು ಅಕ್ಕಪಕ್ಕದವರ ಕಡೆ ಬೆರಳು ತೋರಿಸುವುದು. ಮುಖ್ಯಸ್ಥೆ ಮೇರಿ ಬಾರ್ರಾ 15 ಮಂದಿಯನ್ನು ಮನೆಗೆ ಕಳಿಸಿದರು. ಸರಿಯೇ. ಆದರೆ ಈ ಚಾಳಿ 15 ಮಂದಿಯದಷ್ಟೇ ಆಗಿತ್ತೆ?

ಇದೇ ಕಂಪನಿಯ ಹಳೆಯ ಪಾಠವೂ ಒಂದಿದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆ ಕೆಟ್ಟ ಕೆಲಸ, ಗೈರುಹಾಜರಿಗೆ ಕುಖ್ಯಾತ. 1982ರಲ್ಲಿ ಬಾಗಿಲು ಮುಚ್ಚಿತು. 1984ರಲ್ಲಿ ಜಪಾನಿನ ಟೊಯೋಟಾ ಜೊತೆ ಸೇರಿ ತೆರೆದಾಗ ಬಹುಪಾಲು ಹಳೆಯ ಕೆಲಸಗಾರರೇ ಬಂದರು, ಹಳೆಯ ಯೂನಿಯನ್ನೇ ಇತ್ತು. ಆದರೆ ದೋಷ ಕಂಡ ಯಾವ ಕೆಲಸಗಾರನಾದರೂ ಹಗ್ಗ ಎಳೆಯಬಹುದಿತ್ತು. ಸೂಪರ್‌ವೈಸರ್ ಬೈಯಲು ಅಲ್ಲ, ಸಹಾಯಕ್ಕೆ ಓಡಿ ಬರುತ್ತಿದ್ದ. ಬೇಗನೆ ಒಳ್ಳೆಯ ಕಾರುಗಳು ಹೊರಬಂದವು.

ಕೆಟ್ಟ ಸುದ್ದಿ ತಂದವನಿಗೆ ಮೆಮೋ, ತಲೆ ಆಡಿಸಿದವನಿಗೆ ಬಡ್ತಿ! ಈ ಲೆಕ್ಕ ಹಾಗೇ ಇದ್ದರೆ ಎಂಥ ಸಾಹೇಬರು ಬಂದರೂ ಅವರ ಕಿವಿಗೆ ಬೀಳುವುದು ಸಿಹಿ ಮಾತೇ. ಕಾಯಿಲೆ ಗೊತ್ತಿಲ್ಲದ ವೈದ್ಯ ಏನು ಮದ್ದು ಕೊಟ್ಟಾನು?

ಹೊಸ ಸಾಹೇಬರ ಭಾಷಣಕ್ಕೆ ಚಪ್ಪಾಳೆ ತಟ್ಟುವ ಮೊದಲು ಒಂದು ನೋಡಿ. 'ಬ್ರೇಕ್ ಸರಿಯಿಲ್ಲ' ಅಂತ ಬರೆದುಕೊಟ್ಟ ಡ್ರೈವರಿಗೆ ಮರುದಿನ ಸಿಗುವುದು ರಿಪೇರಿಯಾದ ಬಸ್ಸೋ, ದೂರದ ರೂಟೋ?