ಎಳ್ಳು-ಬೆಲ್ಲದ ಆಟ ಕಲಿಸಿದ ಪಾಠ

‘ಕಂಪ್ಯೂಟರ್ ಕಲಿಯಬೇಕಾದರೆ ಇಂಗ್ಲಿಷ್ ಮಾಧ್ಯಮವೇ ಆಗಬೇಕಲ್ಲ, ಮೇಷ್ಟ್ರೇ?’ ಮಗುವಿನ ಟಿ.ಸಿ. ಕೇಳಲು ಬರುವ ಪೋಷಕರು ಕೊಡುವ ಮೊದಲ ಕಾರಣ ಇದು. ಕನ್ನಡ ಮತ್ತು ತಮಿಳು ತರಗತಿಗಳೆರಡನ್ನೂ ಬಹಳ ವರ್ಷ ಕಂಡವನು ನಾನು. ಮಕ್ಕಳು ಮಾಡಿದ ಒಂದು ಪುಟ್ಟ ಆಟವನ್ನೇ ಇದಕ್ಕೆ ಉತ್ತರವಾಗಿ ಮುಂದಿಡುತ್ತೇನೆ.

ಕಲ್ಲಟ್ಟಿಯಲ್ಲಿ ನೆರೆಹೊರೆಯ ಮಕ್ಕಳು ರಜೆಯಲ್ಲಿ ಸಂಕ್ರಾಂತಿಗೆಂದು ಒಂದು ವಿಡಿಯೊ ಗೇಮ್ ಮಾಡಿದರು. ಬಳಸಿದ್ದು ಸ್ಕ್ರ್ಯಾಚ್ ಎಂಬ ತಂತ್ರಾಂಶ. ಅಮೆರಿಕದ ಎಂಐಟಿ ಮಕ್ಕಳಿಗಾಗಿ 2007ರಲ್ಲಿ ಹೊರತಂದ ಇದಕ್ಕೆ ಹಣ ಕೊಡಬೇಕಿಲ್ಲ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಆದೇಶಗಳೆಲ್ಲ ಬಣ್ಣದ ತುಂಡುಗಳಾಗಿ ಇರುತ್ತವೆ. ಒಂದರ ಕೆಳಗೊಂದು ಜೋಡಿಸಬೇಕು. ಆಟದಲ್ಲಿ ಎಳ್ಳು-ಬೆಲ್ಲ ಹೊತ್ತ ಜೀಪು ಮಸಿನಗುಡಿಗೆ ಇಳಿಯುತ್ತದೆ. ದಾರಿಯಲ್ಲಿ ಮನೆಗಳಿವೆ, ಆನೆಗಳೂ ಇವೆ.

ಮೊದಲು ಕಲಿತದ್ದು ಅಳತೆ. ನಮ್ಮ ಘಾಟಿಯ 36 ತಿರುವುಗಳೂ ಬೇಕೆಂದು ಮಕ್ಕಳ ಹಠ. ಆದರೆ ಹಬ್ಬ ಯಾರಿಗೂ ಕಾಯುವುದಿಲ್ಲ. ಆರು ತಿರುವು ಸಾಕೆಂದು ಕೊನೆಗೆ ಅವರೇ ತೀರ್ಮಾನಿಸಿದರು, ಮುಗಿಸಿದರು.

ಎರಡನೆಯದು ನಿಯಮ. ಕಂಪ್ಯೂಟರ್ ಮುಟ್ಟುವ ಮೊದಲು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದರು: ‘ಆನೆ ಬಂದರೆ ಜೀಪು ನಿಲ್ಲಬೇಕು. ಆನೆ ದಾಟುವವರೆಗೆ ಕಾಯಬೇಕು. ಹಾರ್ನ್ ಹೊಡೆದರೆ ಒಂದು ಅಂಕ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ.’ ಬಂದರೆ, ದಾಟುವವರೆಗೆ, ಇಲ್ಲದಿದ್ದರೆ: ಪ್ರೋಗ್ರಾಮಿಂಗ್‌ನ ಬೆನ್ನೆಲುಬೇ ಈ ಮೂರು ಮಾತು. ತಮಿಳು ಮಗು ಇದನ್ನೇ ‘ವಂದಾಲ್’ ಎಂದು ಶುರುಮಾಡುತ್ತದೆ. ಶಾಲೆಗೆ ಕಾಲಿಡುವ ಮೊದಲೇ ತಾಯಿಯ ಬಾಯಿಂದ ಮಗು ಕಲಿತಿರುವ ತರ್ಕವಿದು.

ಮೂರನೆಯದು ಗಣಿತ. ಸ್ಕ್ರ್ಯಾಚ್ ಪರದೆಯ ನಡುವೆ ಸೊನ್ನೆ. ಬಲಕ್ಕೆ 240, ಎಡಕ್ಕೆ ಋಣ 240, ಮೇಲೆ 180, ಕೆಳಗೆ ಋಣ 180. ಜೀಪು ಕೆಳಗಿಳಿಯಬೇಕಾದರೆ ಸಂಖ್ಯೆ ಕಡಿಮೆಯಾಗುತ್ತಾ ಸೊನ್ನೆ ದಾಟಿ ಋಣಕ್ಕೆ ಹೋಗಬೇಕು. ಕಪ್ಪು ಹಲಗೆಯ ಮೇಲೆ ವಾರಗಟ್ಟಲೆ ತಿಣುಕಾಡುವ ಋಣಸಂಖ್ಯೆ ಇಲ್ಲಿ ಘಾಟಿ ಇಳಿದಷ್ಟೇ ಸಲೀಸಾಯಿತು.

ನಾಲ್ಕನೆಯದನ್ನು ಕಲಿಸಿದ್ದು ಒಬ್ಬ ಅಜ್ಜಿ. ಎಳ್ಳು, ಬೆಲ್ಲ, ಕೊಬ್ಬರಿ ಕೂಡಿಹಾಕಿದಷ್ಟೂ ಅಂಕ ಎಂದು ಮಕ್ಕಳು ಇಟ್ಟಿದ್ದರು. ‘ಎಳ್ಳು ಬೀರೋ ಹಬ್ಬ ಕಣ್ರೋ ಇದು, ಬಚ್ಚಿಡೋ ಹಬ್ಬ ಅಲ್ಲ’ ಎಂದರು ಅಜ್ಜಿ. ನಿಯಮ ಬದಲಾಯಿತು. ಈಗ ಮನೆಮನೆಗೆ ಕೊಟ್ಟರೆ ಮಾತ್ರ ಅಂಕ; ತಮಿಳರ ಮನೆಗೆ ಕೊಟ್ಟರೆ ಅವರು ಪೊಂಗಲ್ ಕೊಡುತ್ತಾರೆ, ಅಂಕ ಎರಡಾಗುತ್ತದೆ.

ಮನೆಯ ಸಂಗತಿ ಹೊರಜಗತ್ತಿಗೆ ಸಲ್ಲದು ಎನ್ನುವವರಿಗೆ ‘ವೆಣ್ಬಾ’ ಎಂಬ ಆಟದ ಹೆಸರು ಹೇಳುತ್ತೇನೆ. ಕೆನಡಾಕ್ಕೆ ಹೋದ ತಮಿಳು ಕುಟುಂಬದ ಅಡುಗೆಮನೆಯೇ ಅದರ ವಸ್ತು. 2023ರಲ್ಲಿ ಟೊರಾಂಟೊದಲ್ಲಿ ಹೊರಬಂದ ಅದಕ್ಕೆ ಮರುವರ್ಷ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಚೊಚ್ಚಲ ಆಟದ ಪ್ರಶಸ್ತಿ ಕೊಟ್ಟಿತು.

ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಮಕ್ಕಳು ಬಳಸಿದ ಸ್ಕ್ರ್ಯಾಚ್‌ನಲ್ಲಿ ಆದೇಶಗಳು ಇಂಗ್ಲಿಷಿನಲ್ಲೇ ಇದ್ದವು. ಕನ್ನಡದಲ್ಲಿ ಅರ್ಥ ತಿಳಿದ ಮೇಲೆ ಆ ಕೆಲವು ಪದಗಳು ತಾವಾಗಿ ನಾಲಿಗೆಗೆ ಬಂದವು. ತಮಿಳೂ ಬೇಕು, 2006ರ ಕಾಯ್ದೆಯಂತೆ ಅದು ಈ ರಾಜ್ಯದಲ್ಲಿ ಕಡ್ಡಾಯ ಪಾಠ. ಮೂರು ಭಾಷೆಯ ಹೊರೆ ಹೊರುವ ಮಗುವಿಗೆ ಕಾಲೂರಲು ಒಂದು ಗಟ್ಟಿ ನೆಲ ಇರಲಿ ಎಂಬುದಷ್ಟೇ ನನ್ನ ವಾದ.

ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣ ಒದಗಿಸಲು ರಾಜ್ಯ ಶ್ರಮಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಬೆಂಚು ಖಾಲಿಯಾದರೆ ವಿಧಿ ಏನು ಮಾಡೀತು? ಮಕ್ಕಳು ಕಡಿಮೆಯಾದರೆ ಶಿಕ್ಷಕರ ಹುದ್ದೆ ಹೋಗುತ್ತದೆ, ಆಮೇಲೆ ತರಗತಿಯೇ ಮುಚ್ಚುತ್ತದೆ. ಒಂದು ಟಿ.ಸಿ. ಒಂದೇ ಮನೆಯ ವಿಷಯವಲ್ಲ.

ಆದ್ದರಿಂದ ಟಿ.ಸಿ. ಕೇಳುವ ಮೊದಲು ಇನ್ನೊಂದನ್ನು ಕೇಳಿ ನೋಡಿ: ವಾರಕ್ಕೊಂದು ಗಂಟೆ ಶಾಲೆಯ ಕಂಪ್ಯೂಟರ್ ಕೊಠಡಿಯ ಬಾಗಿಲು ನಮ್ಮ ಮಕ್ಕಳಿಗೂ ತೆರೆಯಲಿ ಎಂದು. ನಾಲ್ಕು ಪೋಷಕರು ಒಟ್ಟಾಗಿ ಹೋದರೆ ಮುಖ್ಯೋಪಾಧ್ಯಾಯರಿಗೆ ಇಲ್ಲವೆನ್ನುವುದು ಕಷ್ಟ. ಆ ಕುರ್ಚಿಯಲ್ಲಿ ಕುಳಿತು ಬಂದವನ ಮಾತಿದು.