ಗಂಟಲ ಕಡೆಯಿಂದ ಕತ್ತಿನೊಳಗೆ

ಕತ್ತಿನ ಮೂಳೆಮಣಿಗಳ ನಡುವಿನ ಮೆತ್ತೆಗೆ, ಅಂದರೆ ಡಿಸ್ಕಿಗೆ, ಕೈ ಹಾಕಬೇಕೆಂದರೆ ಬೆನ್ನ ಕಡೆಯಿಂದಲೇ ಹೋಗಬೇಕು ಎಂಬುದು ಬಹುಕಾಲದ ವಾಡಿಕೆಯಾಗಿತ್ತು. ಹಾಗೆ ಹೋದರೆ ಮೊದಲು ಎದುರಾಗುವುದು ಬೆನ್ನುಹುರಿ. ತಂಟೆ ಮಾಡುತ್ತಿರುವ ಡಿಸ್ಕ್ ಅದರಾಚೆ. ಹುರಿಯನ್ನು ಪಕ್ಕಕ್ಕೆ ಸರಿಸುವಂತಿಲ್ಲ. 1955ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ರಾಬಿನ್ಸನ್ ಮತ್ತು ಸ್ಮಿತ್ ಗಂಟಲ ಕಡೆಯ ದಾರಿ ತೋರಿಸಿದರು. 1958ರಲ್ಲಿ ಹೊನೊಲುಲುವಿನ ರಾಲ್ಫ್ ಕ್ಲೋವರ್ಡ್ ತಮ್ಮದೇ ಕ್ರಮವನ್ನು ಪ್ರಕಟಿಸಿದರು. ಅಂದಿನಿಂದ ಇಂದಿನವರೆಗಿನ ಲೆಕ್ಕವನ್ನೊಮ್ಮೆ ತೆಗೆದು ನೋಡಬೇಕು.

ದಾರಿಯೇನೋ ಸೊಗಸಾದದ್ದು. ಕತ್ತಿನ ಮಡಿಕೆಯಲ್ಲಿ ಎರಡು ಬೆರಳಗಲ ಕೊಯ್ದು, ಅನ್ನನಾಳ ಶ್ವಾಸನಾಳಗಳನ್ನು ಒಂದು ಪಕ್ಕಕ್ಕೂ ತಲೆಗೆ ರಕ್ತ ಒಯ್ಯುವ ದೊಡ್ಡ ನಾಳವನ್ನು ಇನ್ನೊಂದು ಪಕ್ಕಕ್ಕೂ ಸರಿಸಿದರೆ ಮೂಳೆ ಬೆರಳಿಗೆ ತಗಲುತ್ತದೆ. ಸವೆದ ಡಿಸ್ಕನ್ನು ಚೂರುಚೂರಾಗಿ ತೆಗೆದು ನರ ಬಿಡಿಸುತ್ತಾರೆ. ಖಾಲಿಯಾದ ಜಾಗಕ್ಕೆ ರೋಗಿಯ ಸೊಂಟದ ಮೂಳೆಯ ತುಂಡನ್ನೇ ಕೂರಿಸಿ ಎರಡು ಮಣಿಗಳನ್ನು ಬೆಸೆಯುತ್ತಿದ್ದರು. ಎಷ್ಟೋ ರೋಗಿಗಳಿಗೆ ಕತ್ತಿನ ಗಾಯಕ್ಕಿಂತ ಸೊಂಟದ ನೋವೇ ದೊಡ್ಡದಾಯಿತು! 80ರ ದಶಕದಲ್ಲಿ ಜರ್ಮನಿಯ ಕಾಸ್ಪರ್ ಮಣಿಗಳನ್ನು ಹಿಡಿದಿಡುವ ಪ್ಲೇಟು ತಂದರು, ಆಮೇಲೆ ಸೊಂಟದ ಮೂಳೆಯ ಬದಲು ಕೂರಿಸುವ ಕೇಜುಗಳು ಬಂದವು. ಸೊಂಟಕ್ಕೆ ಬಿಡುವು ಸಿಕ್ಕಿತು. ದನಿ ಕೆಲಕಾಲ ಗೊಗ್ಗರಾಗುವುದು, ನುಂಗಲು ಕಷ್ಟವಾಗುವುದು ಮಾತ್ರ ಈ ದಾರಿಯ ಜೊತೆಗೇ ಉಳಿದಿವೆ. ಮೂಳೆ ಬೇಗ ಬೆಸೆಯಲೆಂದು ಹಚ್ಚಿದ ಪ್ರೋಟೀನು ಗಂಟಲು ಊದಿಸಿ ಉಸಿರಿಗೇ ಸಂಚಕಾರ ತಂದದ್ದರಿಂದ 2008ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆ ಕೊಡಬೇಕಾಯಿತು.

ಬೆಸೆದ ಮೇಲೆ ಪಕ್ಕದ ಡಿಸ್ಕಿನ ಗತಿಯೇನು? 1999ರ ಒಂದು ಅಧ್ಯಯನದ ಅಂದಾಜಿನಂತೆ, ಹತ್ತು ವರ್ಷದೊಳಗೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ನೆರೆಯ ಡಿಸ್ಕೂ ಕಾಟ ಕೊಡುತ್ತದೆ. ಬೆಸುಗೆಯ ತಪ್ಪೋ, ವಯಸ್ಸಿನ ಸವೆತವೋ, ವಾದ ಇನ್ನೂ ಮುಗಿದಿಲ್ಲ. 2007ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅಲುಗಾಡುವ ಕೃತಕ ಡಿಸ್ಕಿನ ಹಿಂದಿದ್ದದ್ದೂ ಇದೇ ಆತಂಕ. ಆಯ್ದ ರೋಗಿಗಳಲ್ಲಿ ಅದು ಬೆಸುಗೆಗೇನೂ ಕಡಿಮೆಯಿಲ್ಲ ಎಂಬಷ್ಟು ಸಾಬೀತಾಗಿದೆ.

ಕೈಚಳಕ ಇಷ್ಟು ಬೆಳೆಯಿತು. ಯಾರಿಗೆ ಮಾಡಬೇಕು ಎಂಬ ವಿವೇಕವೂ ಜೊತೆಗೆ ಬೆಳೆಯಿತೇ? ಇಲ್ಲೇ ನಮಗೆ ಅಸಮಾಧಾನ. 1990ರಲ್ಲೇ, ಕತ್ತಿನ ತೊಂದರೆಯೇ ಇಲ್ಲದ 63 ಮಂದಿಯ ಎಂಆರ್‌ಐ ತೆಗೆದಾಗ ಶೇ 19ರಷ್ಟು ಜನರಲ್ಲಿ ದೋಷ ಕಂಡಿತ್ತು. ಕೇರಳ ಮೂಲದ ನರತಜ್ಞ ಕೆ. ರಾಧಾಕೃಷ್ಣನ್ ಮತ್ತು ಸಂಗಡಿಗರು ಅಮೆರಿಕದ ರಾಚೆಸ್ಟರ್ ಊರಿನ, ಕತ್ತಿನ ನರ ಒತ್ತಿದ 561 ರೋಗಿಗಳ ಜಾಡು ಹಿಡಿದು 1994ರಲ್ಲಿ ಬರೆದರು: ಶಸ್ತ್ರಚಿಕಿತ್ಸೆಯಾದದ್ದು ಕಾಲುಭಾಗದಷ್ಟು ಜನಕ್ಕೆ; ಕೊನೆಗೆ ಶೇ 90ರಷ್ಟು ಮಂದಿ ನೋವಿಲ್ಲದೆಯೋ ಅಲ್ಪಸ್ವಲ್ಪ ತೊಂದರೆಯಲ್ಲೋ ಇದ್ದರು. ಆದರೂ ನಮ್ಮಲ್ಲಿ ಕತ್ತು ಹಿಡಿದರೆ ಸಾಕು, ‘ಸ್ಪಾಂಡಿಲೈಟಿಸ್’ ಎಂದು ನಾವೇ ಹೆಸರಿಟ್ಟುಕೊಂಡು ಕಾಲರ್ ಕಟ್ಟಿಕೊಳ್ಳುತ್ತೇವೆ. ಸ್ಕ್ಯಾನಿನ ರಿಪೋರ್ಟಿನಲ್ಲಿ ‘ಡಿಸ್ಕ್ ಉಬ್ಬು’ ಎಂದು ಕಂಡೊಡನೆ ಎದೆ ಒಡೆದುಕೊಳ್ಳುತ್ತೇವೆ.

ಇನ್ನೊಂದು ತುದಿಯ ತಪ್ಪು ಇದಕ್ಕಿಂತ ದುಬಾರಿ. ಒತ್ತಡ ನರದ ಮೇಲಲ್ಲದೆ ಹುರಿಯ ಮೇಲೇ ಬಿದ್ದಾಗ ನೋವು ಹೆಚ್ಚೇನೂ ಇರದೆ ಹೋಗಬಹುದು. ಅನ್ನ ಕಲಸುವಾಗ ಬೆರಳು ಮಾತು ಕೇಳುವುದಿಲ್ಲ, ಅಂಗಿಯ ಗುಂಡಿ ಸೇರುವುದಿಲ್ಲ, ಕಾಲಿನ ಚಪ್ಪಲಿ ಜಾರಿದ್ದು ನಾಲ್ಕು ಹೆಜ್ಜೆಯಾದ ಮೇಲೆ ತಿಳಿಯುತ್ತದೆ. ಮನೆಯವರು ವಯಸ್ಸಾಯಿತು ಎನ್ನುತ್ತಾರೆ. ತಿಂಗಳುಗಳು ಉರುಳುತ್ತವೆ. ಇಂಥವರಲ್ಲಿ ಶಸ್ತ್ರಚಿಕಿತ್ಸೆಯ ಮೊದಲ ಗುರಿ ಕಾಯಿಲೆಯನ್ನು ಇದ್ದಲ್ಲಿಗೆ ನಿಲ್ಲಿಸುವುದು. ತಡವಾದಷ್ಟೂ ಕಳೆದುಹೋದ ಬಲ ಪೂರ್ತಿ ಮರಳುವ ಭರವಸೆ ಕಡಿಮೆ.

ಮನೆಯಲ್ಲಿ ಹಿರಿಯರಿದ್ದರೆ ಇವತ್ತು ಅವರು ಗುಂಡಿ ಹಾಕಿಕೊಳ್ಳುವುದನ್ನೊಮ್ಮೆ ಗಮನಿಸಿ. ತಡವರಿಸುತ್ತಿದ್ದರೆ ಈ ವಾರವೇ ನರರೋಗ ತಜ್ಞರಿಗೆ ತೋರಿಸಿ.