ಜಾಹೀರಾತು ಸೋಡಾದ್ದು, ಹೆಸರು ವ್ಹಿಸ್ಕಿಯದು!

ಐ.ಪಿ.ಎಲ್. ಬಂತೆಂದರೆ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನ ಟಿ.ವಿ. ಮುಂದೆ ಜಾಗ ಸಿಗೋದಿಲ್ಲ. ಮುಂದಿನ ಬೆಂಚು ಪಿ.ಯು.ಸಿ. ಹುಡುಗರದು. ಓವರ್ ಮುಗಿದ ಕೂಡಲೇ ಯಾವುದೋ ಸೋಡಾ, ಯಾವುದೋ ಕುಡಿಯುವ ನೀರಿನ ಜಾಹೀರಾತು. ಹೆಸರು ಮಾತ್ರ ಎದುರಿನ ಎಂ.ಆರ್.ಪಿ. ಅಂಗಡಿಯ ವ್ಹಿಸ್ಕಿಯದೇ! ಆ ಸೋಡಾ ಪೇಟೆಯ ಕಿರಾಣಿ ಅಂಗಡಿಯಲ್ಲಿ ಕೇಳಿ ನೋಡಿ. ಸಿಕ್ಕರೆ ಪುಣ್ಯ.

ಮದ್ಯದ ಜಾಹೀರಾತು ನೇರವಾಗಿಯೂ ಬೇಡ, ಸುತ್ತುಬಳಸಿಯೂ ಬೇಡ ಎನ್ನುತ್ತದೆ 1994ರ ಕೇಬಲ್ ಟಿ.ವಿ. ನಿಯಮ. ಆದರೆ 2009ರಲ್ಲಿ ಅದಕ್ಕೊಂದು ಬಾಲ ಸೇರಿತು. ಮದ್ಯದ ಹೆಸರನ್ನೇ ಹೊತ್ತ ಬೇರೆ ಸರಕನ್ನು ಕೆಲವು ಷರತ್ತಿನ ಮೇಲೆ ತೋರಿಸಬಹುದಂತೆ. 2022ರಲ್ಲಿ ಬಂದ ಕೇಂದ್ರದ ಗ್ರಾಹಕ ಮಾರ್ಗಸೂಚಿಯೂ ಬದಲಿ ಜಾಹೀರಾತು ಕೂಡದು ಎಂದಿತು. ಹೆಸರು ಒಂದೇ ಆದ ಮಾತ್ರಕ್ಕೆ ತಪ್ಪಲ್ಲ ಎಂದೂ ಸೇರಿಸಿತು. ಬಾಗಿಲಿಗೆ ಬೀಗ, ಕಿಟಕಿ ಬಾರಲು.

ಬೆಂಗಳೂರು ತಂಡದ ಕಥೆಯೂ ಇದೇ. 2008ರಲ್ಲಿ ಮದ್ಯದ ಉದ್ಯಮಿ ವಿಜಯ್ ಮಲ್ಯ ತಂಡ ಕೊಂಡು ರಾಯಲ್ ಚಾಲೆಂಜರ್ಸ್ ಎಂದು ಹೆಸರಿಟ್ಟರು. ವ್ಹಿಸ್ಕಿ ರಾಯಲ್ ಚಾಲೆಂಜ್. ದೂರು ಸುಪ್ರೀಂ ಕೋರ್ಟಿನವರೆಗೆ ಹೋಯಿತು, ನಿಲ್ಲಲಿಲ್ಲ. ಬಾಲದಲ್ಲಿ ಎರಡಕ್ಷರ ಹೆಚ್ಚಿದ್ದರೆ ಕಾನೂನಿಗೆ ಅದು ಬೇರೆ ಹೆಸರು. ಹುಡುಗನ ಕಿವಿಗೆ?

2025ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇಂಥ ಜಾಹೀರಾತು ನಿಲ್ಲಿಸಿ ಎಂದು ಐ.ಪಿ.ಎಲ್.ಗೆ ಪತ್ರ ಬರೆಯಿತು. ಪತ್ರ ಅಷ್ಟೇ, ಕಾನೂನಲ್ಲ.

ಜಾಹೀರಾತು ನೋಡಿಯೇ ಹುಡುಗರು ಕೆಟ್ಟರು ಎಂದರೆ ಅದೂ ಪೂರ್ತಿ ನಿಜವಲ್ಲ. ಮನೆಯಲ್ಲಿ ಅಪ್ಪ ಕುಡಿಯುತ್ತಾನೆ, ಜಾತ್ರೆಯಲ್ಲಿ ಗೆಳೆಯ ಕುಡಿಸುತ್ತಾನೆ. ಆದರೆ ಮೊದಲ ಸಲ ಕೌಂಟರಿಗೆ ಹೋದ ಹುಡುಗ 'ಏನಾದ್ರೂ ಕೊಡಿ' ಅನ್ನೋದಿಲ್ಲ. ಹೆಸರು ಹಿಡಿದೇ ಕೇಳುತ್ತಾನೆ. ಆ ಹೆಸರು ಕಲಿಸಿದ್ದು ಯಾರು?

ರಾಜ್ಯದ ಅಬಕಾರಿ ನಿಯಮದ ಪ್ರಕಾರ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಅದನ್ನು 18ಕ್ಕೆ ಇಳಿಸಲು 2023ರ ಜನವರಿಯಲ್ಲಿ ಸರ್ಕಾರವೇ ಕರಡು ಹೊರಡಿಸಿ, ವಿರೋಧ ಬಂದ ಮೇಲೆ ಕೈಬಿಟ್ಟಿತು. 2003ರಿಂದ ಮದ್ಯದ ಸಗಟು ವ್ಯಾಪಾರ ಸರ್ಕಾರದ ನಿಗಮದ್ದೇ. ಬೊಕ್ಕಸ ತುಂಬಿಸುವ ಸರಕಿಗೆ ಅಡ್ಡ ಹಾಕೋರು ಯಾರು ಸ್ವಾಮಿ?

ಹಾಗಾಗಿ ಕೊನೆಗೆ ವಯಸ್ಸು ಕೇಳುವ ಕೆಲಸ ಬೀಳುವುದು ಕೌಂಟರಿನ ಹಿಂದೆ ನಿಂತ ಸಂಬಳದ ಹುಡುಗನ ಮೇಲೆ. ಮೀಸೆ ಮೂಡದವನು ಬಂದು 'ಅಣ್ಣಾ, ಒಂದು ನೈಂಟಿ, ಅಪ್ಪನಿಗೆ' ಅಂತಾನೆ. ಹಿಂದೆ ಹತ್ತು ಜನರ ಕ್ಯೂ. ಆಧಾರ್ ಕಾರ್ಡ್ ಕೇಳುತ್ತಾ ಕೂತರೆ ಧಣಿ ಬೈತಾನೆ. ಅಂಗೈಯಗಲದ ಟೆಟ್ರಾ ಪ್ಯಾಕ್, ಕಾಲೇಜು ಬ್ಯಾಗಿನಲ್ಲಿ ಟಿಫಿನ್ ಡಬ್ಬಿಯ ಪಕ್ಕಕ್ಕೇ ಕೂರುತ್ತದೆ.